ಕಂಟ್ರೋಲರ್ ಕೊಟ್ರಯ್ಯನವರು ಕಂಪ್ಲಿಗೆ ನಡೆದದ್ದು

ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಗಾಜಿನ ಕಿಟಕಿಯ ಹಿಂದೆ ಕುಳಿತು ಮೂವತ್ತಮೂರು ವರ್ಷ ಮೈಕಿನಲ್ಲಿ ಕೂಗಿದವರು ನಮ್ಮ ಚಿತ್ತವಾಡ್ಗಿಯ ಕೊಟ್ರಯ್ಯನವರು. ಅವರ ಹುದ್ದೆಯ ಹೆಸರು ಕಂಟ್ರೋಲರ್. ಅವರು ‘ಕಂಪ್ಲಿ’ ಎಂದರೆ ಒಂದು ಬಸ್ಸು ಗುರ್ರೆಂದು ಹಿಂದೆ ಸರಿಯುತ್ತಿತ್ತು, ‘ಸಂಡೂರು’ ಎಂದರೆ ಇನ್ನೊಂದು ಬಸ್ಸು ಮುಂದೆ ಬರುತ್ತಿತ್ತು. ಹಂಪಿ ನೋಡಲು ಬಂದ ಪರದೇಶದವರನ್ನು, ಗಣಿ ಕೆಲಸಕ್ಕೆ ಹೋಗುವವರನ್ನು, ಬಾಣಂತನಕ್ಕೆ ಹೊರಟ ಹೆಣ್ಣುಮಕ್ಕಳನ್ನು ಅವರು ಎಷ್ಟು ಸಾವಿರ ಸಲ ಊರೂರಿಗೆ ಕಳಿಸಿಕೊಟ್ಟರೋ. ಸ್ವತಃ ಮಾತ್ರ ಎಲ್ಲಿಗೂ ಹೋದವರಲ್ಲ. ಮನೆಯಿಂದ ನಿಲ್ದಾಣಕ್ಕೆ ಆಟೋ, ನಿಲ್ದಾಣದಿಂದ ಮನೆಗೆ ಆಟೋ. ನಿವೃತ್ತಿಯಾದ ಮೇಲೆ ಆ ಆಟೋ ಪ್ರಯಾಣವೂ ನಿಂತುಹೋಯಿತು.

ನಿವೃತ್ತಿಯ ಎರಡನೆಯ ವರ್ಷ ಅವರ ನೆಮ್ಮದಿ ಕೆಡಿಸಿದ್ದು ಒಂದು ಉಣ್ಣೆಯ ಟೋಪಿ. ಆ ಟೋಪಿ ಜಡೆಪ್ಪನವರ ತಲೆಯ ಮೇಲಿತ್ತು. ಜಡೆಪ್ಪನವರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು. ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಯಾವುದೋ ತಂಡದ ಜೊತೆ ಹಿಮಾಲಯದ ತಪ್ಪಲಿಗೆ ಹೋಗಿ ಐದು ದಿನ ನಡೆದು ಬಂದಿದ್ದರು. ಬಂದಾಗಿನಿಂದ, ಹೊಸಪೇಟೆಯ ಕಲ್ಲು ಕೂಡ ಬೆವರುವ ಬಿಸಿಲಿನಲ್ಲಿಯೂ ಆ ಟೋಪಿಯನ್ನು ತಲೆಯಿಂದ ಇಳಿಸಿದವರಲ್ಲ. ನಮ್ಮ ಓಣಿಯ ತುದಿಯ ಚಹಾದಂಗಡಿಯಲ್ಲಿ ದಿನಾ ಸಂಜೆ ಅವರ ಉಪನ್ಯಾಸ ನಡೆಯುತ್ತಿತ್ತು.

“ಗುಡ್ಡ ಹತ್ತಿದ ಮನಷ್ಯಾನೇ ಬ್ಯಾರೆ ಆಗ್ತಾನ ಕೊಟ್ರಯ್ನೋರ,” ಎಂದರು ಅವರೊಂದು ದಿನ. “ನಿಮಗ ಹೇಳಿದ್ರ ತಿಳಿಯಂಗಿಲ್ಲ ಬಿಡ್ರಿ. ನೀವು ಕುಂತು ಮಂದೀನ ಕಳಿಸಿದೋರು.”

ಚಹಾ ಕುಡಿಯುತ್ತಿದ್ದ ನಾಲ್ಕು ಜನ ನಕ್ಕರು. ಕೊಟ್ರಯ್ಯನವರ ಚಹಾ ಲೋಟದಲ್ಲೇ ಉಳಿಯಿತು.

“ನಾ ಕಂಪ್ಲಿತನ ನಡ್ಕೊಂತ ಹೋಗ್ತೀನಿ,” ಎಂದರು.

“ಯಾವಾಗ?”

“ಬರೋ ಸೋಮವಾರ.”

ಕಂಪ್ಲಿ ಎಂಬ ಹೆಸರು ಅವರ ಬಾಯಿಗೆ ತಾನಾಗಿ ಬಂದಿತ್ತು. ಮೈಕಿನಲ್ಲಿ ಅತಿ ಹೆಚ್ಚು ಸಲ ಕೂಗಿದ ಊರು ಅದು. ಅವರ ಹೆಂಡತಿ ಸುವರ್ಣಮ್ಮನವರ ತವರೂರು ಕೂಡ. ಹೊಸಪೇಟೆಯಿಂದ ಅಲ್ಲಿಗೆ ಮೂವತ್ತು ಕಿಲೋಮೀಟರಿಗೂ ಮೇಲು. ಆ ದೂರವನ್ನು ಅವರು ಬಸ್ಸಿನ ವೇಳಾಪಟ್ಟಿಯ ಮೂಲಕವೇ ಅಳೆದರು. ಬಸ್ಸಿಗೆ ಒಂದು ಗಂಟೆಗಿಂತ ಹೆಚ್ಚು ಬೇಕಿಲ್ಲ. ಆದರೆ ಬಸ್ಸು ಹನ್ನೊಂದು ಕಡೆ ನಿಲ್ಲುತ್ತದೆ. ತಾನಂತೂ ಎಲ್ಲಿಯೂ ನಿಲ್ಲುವುದಿಲ್ಲ. ಆದ್ದರಿಂದ ಮಧ್ಯಾಹ್ನದ ಊಟಕ್ಕೆ ಕಂಪ್ಲಿ. ಈ ತರ್ಕದಲ್ಲಿ ಎಲ್ಲೋ ಒಂದು ಸಣ್ಣ ದೋಷವಿದೆ ಎಂದು ನಮಗೆ ಈಗ ಅನ್ನಿಸಬಹುದು. ಅಂದು ಅವರಿಗೆ ಅನ್ನಿಸಲಿಲ್ಲ.

ಜಡೆಪ್ಪನವರು ಮೂರು ನಿಯಮ ಹೇಳಿಕೊಟ್ಟರು. ಒಬ್ಬರೇ ಹೋಗಬೇಕು. ಫೋನ್ ಒಯ್ಯಬಾರದು. ಯಾರಿಗೂ ಹೇಳಬಾರದು, ಹೇಳಿದರೆ ಮನೆಯವರು ತಡೆಯುತ್ತಾರೆ. ಕೊಟ್ರಯ್ಯನವರು ಮೂರನ್ನೂ ಸರ್ಕಾರಿ ಸುತ್ತೋಲೆಯಂತೆ ಪಾಲಿಸಿದರು. ಮರುದಿನವೇ ಒಂದು ಜೊತೆ ಓಟದ ಬೂಟು ಕೊಂಡು ತಂದರು. ಅಂಗಡಿಯವನು ಏಳನೆಯ ನಂಬರ್ ಹಾಕಿಕೊಳ್ಳಿ ಎಂದ. ‘ನನ್ನ ಕಾಲು ಮದುವ್ಯಾದಾಗಿಂದ ಆರನೇ ನಂಬರ್’ ಎಂದು ಆರನ್ನೇ ತಂದು, ಅಟ್ಟದ ಮೇಲೆ ಹಳೆಯ ಕೊಡಪಾನದೊಳಗೆ ಬಚ್ಚಿಟ್ಟರು.

ನವೆಂಬರ್ ಕೊನೆಯ ಆ ಸೋಮವಾರ ಬೆಳಗಿನ ಐದೂವರೆಗೆ ಅವರು ಎದ್ದು ಬೂಟು ತೊಟ್ಟರು. ಹಿತ್ತಲಲ್ಲಿ ಚಳಿಯಿತ್ತು. ಹಗ್ಗದ ಮೇಲೆ ಕೈಗೆ ಸಿಕ್ಕ ವಸ್ತ್ರವನ್ನು ಎಳೆದು ಹೊದ್ದುಕೊಂಡರು. ಸುವರ್ಣಮ್ಮನವರು ಇನ್ನೂ ಮಲಗಿದ್ದರು. ಹೇಳದೆ ಹೋಗುವುದು ಸರಿಯಲ್ಲ ಎನ್ನಿಸಿ, ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಒಂದು ಚೀಟಿ ಬರೆದಿಟ್ಟರು. ಬಸ್ಸು ಬಂದದ್ದು ಹೋದದ್ದು ಬರೆದೂ ಬರೆದೂ ಅವರಿಗೆ ವಾಕ್ಯವನ್ನು ಚಿಕ್ಕದು ಮಾಡುವ ಅಭ್ಯಾಸ. ಚೀಟಿಯಲ್ಲಿ ಇದ್ದದ್ದು ಇಷ್ಟು:

‘ನಾನು ನಡೆದೆ. ಕಾಯಬೇಡ. ಫೋನ್ ಟಿ.ವಿ. ಮುಂದೆ ಇದೆ. ಕೊಟ್ರಯ್ಯ.’

ನಮ್ಮ ಕಡೆ ‘ನಾ ನಡದೆ’ ಎಂದರೆ ಎದ್ದು ಹೊರಟೆ ಎಂದಾಗುತ್ತದೆ. ಹೇಳುವವರ ಮುಖ ನೋಡಿ, ಬಿಟ್ಟು ಹೊರಟೆ ಎಂದೂ ಆಗುತ್ತದೆ. ಕಾಲಿನಿಂದ ನಡೆದೆ ಎಂಬ ಅರ್ಥ ಹೊಳೆಯುವುದು ಎಲ್ಲಕ್ಕಿಂತ ಕೊನೆಗೆ.

ಊರು ದಾಟುವ ಹೊತ್ತಿಗೆ ಬೆಳಕು ಹರಿಯಿತು. ಆಗ ಕೊಟ್ರಯ್ಯನವರಿಗೆ ಎರಡು ಸಂಗತಿ ತಿಳಿದವು. ಒಂದು, ತಾನು ಹೊದ್ದ ವಸ್ತ್ರ ಯಾವುದೋ ಮಠದಲ್ಲಿ ಕೊಟ್ಟಿದ್ದ ಕಾವಿಯ ಶಾಲು. ಎರಡು, ರಸ್ತೆಯ ಎರಡೂ ಬದಿಗೆ ಬಾಳೆಯ ತೋಟಗಳಿವೆ. ತೋಟಗಳಿರುವುದು ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಬಸ್ಸಿನ ಮೇಲೆ ಏರುವ ಗೊನೆಗಳನ್ನು ನೋಡಿಯೇ ಅವರಿಗೆ ಗೊತ್ತಿತ್ತು. ಆದರೆ ಎಲೆಗಳ ಮೇಲಿನ ಇಬ್ಬನಿ ತೊಟ್ಟಿಕ್ಕುವ ಸದ್ದನ್ನು ಅವರು ಈ ಮೊದಲು ಕೇಳಿರಲಿಲ್ಲ. ತೋಟಗಳ ಆಚೆ ಬಂಡೆಯ ಗುಡ್ಡಗಳು ಒಂದೊಂದಾಗಿ ಕತ್ತಲೆಯಿಂದ ಹೊರಗೆ ಬಂದವು. ಮನೆಯಷ್ಟು ದೊಡ್ಡ ಗುಂಡು, ಅದರ ಮೇಲೆ ಎಮ್ಮೆಯಷ್ಟು ಗುಂಡು, ಅದರ ಮೇಲೆ ಕುಂಬಳಕಾಯಿಯಷ್ಟು ಗುಂಡು. ಇವನ್ನೆಲ್ಲ ಯಾರು ಹತ್ತಿಸಿದರು, ಯಾಕೆ ಉರುಳುತ್ತಿಲ್ಲ ಎಂದು ಅರವತ್ತೆರಡನೆಯ ವಯಸ್ಸಿನಲ್ಲಿ ಅವರು ಮೊದಲ ಬಾರಿಗೆ ಯೋಚಿಸುತ್ತ ನಿಂತರು.

ಅಷ್ಟರಲ್ಲಿ ಹಿಂದಿನಿಂದ ಕಂಪ್ಲಿಯ ಮೊದಲ ಬಸ್ಸು ಬಂದು ಕಿರ್ರೆಂದು ನಿಂತಿತು. ಬಾಗಿಲಲ್ಲಿ ಜೋತುಬಿದ್ದವನು ಕಂಡಕ್ಟರ್ ಹುಲಿಗೇಶ್. ಹನ್ನೆರಡು ವರ್ಷ ಕೊಟ್ರಯ್ಯನವರ ಮೈಕಿನ ದನಿ ಕೇಳಿಕೊಂಡೇ ಸೀಟಿ ಊದಿದವನು.

“ಸಾಹೇಬ್ರ! ಬಸ್ ತಪ್ತೇನ್ರಿ? ಹತ್ರಿ, ಹತ್ರಿ ಜಲ್ದಿ!”

“ಇಲ್ಲಪ, ನಾ ನಡೀತೀನಿ.”

“ಎಲ್ಲಿಗ್ರಿ?”

“ಕಂಪ್ಲಿಗೆ.”

“ನಾವೂ ಕಂಪ್ಲಿಗೇ ಹೊಂಟೀವಲ್ರಿ!”

“ನನಗ ಗೊತ್ತಿಲ್ಲೇನು? ನೀ ಆಗ್ಲೇ ನಾಕು ನಿಮಿಷ ಲೇಟ್ ಅದಿ. ನಡಿ, ನಡಿ!”

ಬಸ್ಸಿನ ಅಷ್ಟೂ ಕಿಟಕಿಗಳಿಂದ ತಲೆಗಳು ಹೊರಗೆ ಬಂದವು. ಮೂವತ್ತಮೂರು ವರ್ಷ ಬಸ್ಸುಗಳನ್ನು ಆಳಿದ ಮನುಷ್ಯ, ಖಾಲಿ ಸೀಟಿದ್ದ ಬಸ್ಸನ್ನು ಒಲ್ಲೆ ಎಂದದ್ದು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗದ ಸಂಗತಿಯನ್ನು ನಮ್ಮ ಜನ ಹಾಗೆಯೇ ಬಿಡುವವರಲ್ಲ. ಕಮಲಾಪುರ ಮುಟ್ಟುವುದರೊಳಗೆ ಆ ಬಸ್ಸಿನಲ್ಲಿ ಎರಡು ಅಭಿಪ್ರಾಯಗಳು ತಯಾರಾಗಿದ್ದವು. ಮುಂದಿನ ಸೀಟುಗಳವರ ಪ್ರಕಾರ ಕಂಟ್ರೋಲರ್ ಸಾಹೇಬರಿಗೆ ಬಸ್ಸುಗಳ ಮೇಲೆ ಸಿಟ್ಟು ಬಂದಿದೆ. ಹಿಂದಿನ ಸೀಟುಗಳವರ ಪ್ರಕಾರ ಹೆಂಡತಿಯ ಮೇಲೆ.

ಕಡ್ಡಿರಾಂಪುರದಲ್ಲಿ ಕೊಟ್ರಯ್ಯನವರು ಮಂಡಕ್ಕಿ ಒಗ್ಗರಣೆ ತಿಂದರು. ಖಾನಾವಳಿಯವನು ಅವರನ್ನು ಕೆಳಗಿನಿಂದ ಮೇಲಕ್ಕೆ ನೋಡಿ, “ಮುಂದ ನಾಯಿ ಭಾಳ ಅದಾವ್ರಿ,” ಎಂದು ಒಂದು ಉದ್ದನೆಯ ಬಿದಿರು ಕೋಲು ಕೊಟ್ಟ. ಹೀಗೆ ಕಂಪ್ಲಿಯಿಂದ ಬರುತ್ತಿದ್ದ ಎರಡನೆಯ ಬಸ್ಸಿಗೆ ಅವರು ಕಾಣಿಸಿಕೊಂಡದ್ದು ಮೈಮೇಲೆ ಕಾವಿ, ಕೈಯಲ್ಲಿ ದಂಡದೊಡನೆ. ಆ ಬಸ್ಸು ನಿಲ್ಲಲಿಲ್ಲ. ಚಾಲಕ ಸ್ಟೇರಿಂಗಿನಿಂದ ಎರಡೂ ಕೈ ಎತ್ತಿ ಮುಗಿದು ಮುಂದೆ ಹೋದ. ಹಳೆಯ ಸಹೋದ್ಯೋಗಿಯ ಮರ್ಯಾದೆ ಎಂದು ತಿಳಿದು ಕೊಟ್ರಯ್ಯನವರೂ ಕೈ ಎತ್ತಿದರು. ಅದು ಬಸ್ಸಿನಲ್ಲಿದ್ದವರಿಗೆ ಆಶೀರ್ವಾದದಂತೆ ಕಂಡಿತು.

ಇತ್ತ ಚಿತ್ತವಾಡ್ಗಿಯಲ್ಲಿ ಏಳು ಗಂಟೆಗೆ ಪಕ್ಕದ ಮನೆಯ ತಾಯಕ್ಕ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಾಗ ಸುವರ್ಣಮ್ಮನವರು ಚೀಟಿ ಹಿಡಿದು ನಿಂತಿದ್ದರು. ತಾಯಕ್ಕ ಚೀಟಿ ಇಸಿದುಕೊಂಡು ಓದಿದರು, ಬಾಗಿಲ ಬಳಿ ಕೊಟ್ರಯ್ಯನವರ ಚಪ್ಪಲಿ ಬಿದ್ದದ್ದನ್ನು ನೋಡಿದರು, ಎದೆಯ ಮೇಲೆ ಕೈ ಇಟ್ಟುಕೊಂಡರು.

“ಯವ್ವಾ! ಬರಿಗಾಲ್ನ್ಯಾಗ ಹೋಗ್ಯಾರಲ್ಲ ಸುವರ್ಣಾ! ರಾತ್ರಿ ಏನಂದಿದ್ದಿ ಅವರಿಗೆ?”

“ಏನಂದಿಲ್ಲಕ್ಕ. ಹೀರೀಕಾಯಿ ಪಲ್ಯ ಮಾಡಿದ್ದೆ.”

“ಹೀರೀಕಾಯಿ!” ಎಂದರು ತಾಯಕ್ಕ, ಎಲ್ಲವೂ ತಿಳಿದವರಂತೆ.

“ಅಲ್ಲಕ್ಕ, ಸಿಟ್ಟಾಗಿ ಮನಿ ಬಿಟ್ಟು ಹೋಗೋ ಮನಷ್ಯಾ ಫೋನ್ ಚಾರ್ಜಿಗೆ ಹಾಕಿ ಹೋಗ್ತಾನೇನು?”

ತಾಯಕ್ಕ ಆಗಲೇ ದನಿ ತೆಗೆದು ಅಳತೊಡಗಿದ್ದರು. ಫೋನ್ ಚಾರ್ಜಿನ ಮಾತಿಗೆಲ್ಲ ಅಳುವನ್ನು ನಿಲ್ಲಿಸುವವರಲ್ಲ ಅವರು. ಅವರ ದನಿಗೆ ಓಣಿಯ ಹೆಂಗಸರೆಲ್ಲ ಸೇರಿದರು. ಅಷ್ಟರಲ್ಲಿ ಟಿ.ವಿ. ಮುಂದಿನ ಫೋನು ರಿಂಗಾಯಿತು. ಆ ಕಡೆ ಹುಲಿಗೇಶ್.

“ಅಕ್ಕಾರ, ನಾ ಹುಲಿಗೇಶ್ ಮಾತಾಡಾಕತ್ತೀನ್ರಿ. ಸಾಹೇಬ್ರು ಕಾವಿ ಹೊದ್ದಾರ್ರಿ. ಕೈಯಾಗ ದಂಡ ಹಿಡದಾರಂತ. ಕಂಪ್ಲಿಗೆ ಅಂತ ಕಮಲಾಪುರದ ಕಡೆ ಹೊಂಟಾರ್ರಿ. ಹತ್ರಿ ಅಂದ್ರ ಒಲ್ಲೆ ಅಂದ್ರು. ಅವರ ಮುಖದಾಗ ಏನೋ ಒಂದು ಬ್ಯಾರೇ ಕಳಾ ಬಂದೈತ್ರಿ.”

“ಏನಾರ ತಿಂದಾರಂತೇನು?”

“ಅದನ್ನ ಕೇಳಿಲ್ರಿ ಅಕ್ಕಾರ.”

ಸುವರ್ಣಮ್ಮನವರು ಫೋನಿಟ್ಟು ಚೀಟಿಯನ್ನು ಇನ್ನೊಮ್ಮೆ ಓದಿದರು. ಈ ಸಲ ಅವರ ಮುಖ ಸ್ವಲ್ಪ ಇಳಿಯಿತು. ಮೂವತ್ತಾರು ವರ್ಷದ ಸಂಸಾರಕ್ಕೆ ಈ ಮನುಷ್ಯ ಬರೆದದ್ದು ಬಸ್ಸಿನ ಲೆಕ್ಕದಷ್ಟೇ ಸಾಲು. ಅವರು ಯಾರ ಮುಂದೆಯೂ ಅಳಲಿಲ್ಲ. ಒಳಗೆ ಹೋಗಿ ಹತ್ತು ರೊಟ್ಟಿ ಬಡಿದರು. ಆ ದಿನದ ರೊಟ್ಟಿಯ ಸದ್ದು ಎರಡು ಓಣಿಗೆ ಕೇಳಿಸಿತು ಎನ್ನುತ್ತಾರೆ. ಶೇಂಗಾ ಚಟ್ನಿ, ಮೊಸರು ಸೇರಿಸಿ ಬುತ್ತಿ ಕಟ್ಟಿ, ನಿಲ್ದಾಣಕ್ಕೆ ಹೋಗಿ, ಮಧ್ಯಾಹ್ನದ ಕಂಪ್ಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತರು. ಅವರು ಓಣಿ ದಾಟಿದ ಮರುಕ್ಷಣ ತಾಯಕ್ಕ ಕಂಪ್ಲಿಗೆ ಫೋನ್ ಮಾಡಿ, ಸುವರ್ಣಮ್ಮನವರ ತಮ್ಮ ಬಸವಕುಮಾರನಿಗೆ, “ನಿಮ್ಮ ಬಾವಾರು ಸನ್ಯಾಸಿ ಆಗ್ಯಾರಪ,” ಎಂದು ಅಧಿಕೃತವಾಗಿ ತಿಳಿಸಿದರು.

ಆ ಹೊತ್ತಿಗೆ ಸನ್ಯಾಸಿಗಳು ಕಮಲಾಪುರದ ಕೆರೆಯ ಏರಿಯ ಮೇಲೆ ಕುಳಿತು ಒಂದು ಗಂಟೆ ಕಳೆದಿದ್ದರು. ಎಲ್ಲಿಯೂ ನಿಲ್ಲುವುದಿಲ್ಲ ಎಂಬ ಲೆಕ್ಕಾಚಾರ ಅಲ್ಲಿ ಮುರಿದುಬಿತ್ತು. ನೀರಿನ ಮೇಲೆ ಕಪ್ಪು ಹಕ್ಕಿಗಳು ಸಾಲಾಗಿ ಬರುತ್ತಿದ್ದವು, ಇಳಿಯುತ್ತಿದ್ದವು, ಮುಳುಗಿ ಬೇರೆ ಕಡೆ ಏಳುತ್ತಿದ್ದವು. ಯಾರೂ ಕೂಗದೆ, ಯಾರೂ ಸೀಟಿ ಊದದೆ, ಒಂದಕ್ಕೊಂದು ಡಿಕ್ಕಿ ಹೊಡೆಯದೆ ಅಷ್ಟೊಂದು ಬಂದು ಹೋಗುವುದನ್ನು ನೋಡಿ ಕಂಟ್ರೋಲರ್ ಕೊಟ್ರಯ್ಯನವರು ಬಾಯಿ ಬಿಟ್ಟುಕೊಂಡು ಕುಳಿತರು. ವೃತ್ತಿಯಲ್ಲಿ ತಮಗಿಂತ ದೊಡ್ಡವರನ್ನು ಕಂಡಾಗ ಒಳ್ಳೆಯ ನೌಕರನಿಗೆ ಆಗುವ ಗೌರವ ಅವರಿಗೂ ಆಯಿತು.

ಏಳಲು ಹೋದಾಗ ಕಾಲು ಏಳಲಿಲ್ಲ. ಆರನೆಯ ನಂಬರಿನ ಬೂಟಿನೊಳಗೆ ಏಳನೆಯ ನಂಬರಿನ ಪಾದ ಬೊಬ್ಬೆ ಎದ್ದಿತ್ತು. ಕುಂಟುತ್ತ, ಕೋಲೂರುತ್ತ ಬುಕ್ಕಸಾಗರದ ಹತ್ತಿರ ಬರುವಷ್ಟರಲ್ಲಿ ಮಧ್ಯಾಹ್ನ ಒಂದೂವರೆ. ಬೂಟು ಕಳಚಿ ಪಕ್ಕಕ್ಕಿಟ್ಟು, ರಸ್ತೆ ಬದಿಯ ಕಾಲುವೆಯಲ್ಲಿ ಕಾಲು ಬಿಟ್ಟು ಕಣ್ಣು ಮುಚ್ಚಿದರು. ಸುತ್ತ ಕೊಯ್ಲಿನ ಗದ್ದೆಯ ಒಣಹುಲ್ಲಿನ ವಾಸನೆ. ರಸ್ತೆಯಂಚಿಗೆ ಉದ್ದಕ್ಕೂ ಭತ್ತ ಹರಡಿದ್ದರು.

ಆ ಭತ್ತದ ಒಡತಿ ಕರೆಮ್ಮ ಬಂದಳು. ಕಾವಿ, ದಂಡ, ಬರಿಗಾಲು, ಮುಚ್ಚಿದ ಕಣ್ಣು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾರಿಗೆ ಬೇಕು? ಆಕೆ ಬಗ್ಗಿ ಪಾದ ಮುಟ್ಟಿದಳು. ಸರಿಯಾಗಿ ಬೊಬ್ಬೆಯ ಮೇಲೆ.

“ಅಯ್ಯಯ್ಯೋ ಶಿವನೇ!” ಎಂದು ಕೊಟ್ರಯ್ಯನವರು ಕೂಗಿಕೊಂಡರು. ಶಿವನ ಹೆಸರು ಕೇಳಿ ಕರೆಮ್ಮನ ಭಕ್ತಿ ಇನ್ನೂ ಗಟ್ಟಿಯಾಯಿತು. ಆಕಾಶದಲ್ಲಿ ಮೋಡ ಸೇರುವುದನ್ನು ನೋಡುತ್ತ ಅವಳು ಕೇಳಿದಳು:

“ಅಯ್ನೋರ, ಒಂದ್ ಮಾತು ಹೇಳ್ರಿ. ಯಾವಾಗ ಬರ್ತೈತ್ರಿ?”

ಈ ಪ್ರಶ್ನೆಯನ್ನು ಕೊಟ್ರಯ್ಯನವರು ದಿನಕ್ಕೆ ಐನೂರು ಸಲದಂತೆ ಮೂವತ್ತಮೂರು ವರ್ಷ ಕೇಳಿದ್ದರು. ಕಣ್ಣು ತೆರೆಯುವ ಅಗತ್ಯವೂ ಬೀಳಲಿಲ್ಲ.

“ನಾಕೂ ಹದಿನೈದಕ್ಕ.”

“ಖರೇನಾ?”

“ಹತ್ತು ಹದಿನೈದು ನಿಮಿಷ ಹೆಚ್ಚುಕಡಿಮಿ.”

“ಜೋರ್ ಬರ್ತೈತೇನ್ರಿ?”

“ಸೋಮವಾರ ಅಲ್ಲೇನವಾ? ಫುಲ್ ಬರ್ತೈತಿ.”

“ಭಾಳೊತ್ತು ನಿಲ್ತೈತ್ರಿ?”

“ಇಲ್ಲಿ ಭಾಳ ನಿಲ್ಲಂಗಿಲ್ಲ. ಸೀದಾ ಕಂಪ್ಲಿಗೆ ಹೋಗ್ತೈತಿ.”

ಕರೆಮ್ಮ ಇನ್ನೊಮ್ಮೆ ಕೈಮುಗಿದು, ಮನೆಯವರನ್ನೆಲ್ಲ ಕೂಗುತ್ತ, ಭತ್ತ ಗುಡ್ಡೆ ಮಾಡಿ ತಾಡಪತ್ರಿ ಮುಚ್ಚಿಸಲು ಓಡಿದಳು. ಬಸ್ಸಿಗಾಗಿ ಕಾಯುವ ಹೆಂಗಸು ಬಸ್ಸಿನ ಹೊತ್ತು ಕೇಳಿ ಯಾಕೆ ಗದ್ದೆಯ ಕಡೆ ಓಡಿದಳೆಂದು ಕೊಟ್ರಯ್ಯನವರಿಗೆ ತಿಳಿಯಲಿಲ್ಲ.

ಒಂದು ಗಂಟೆಗೇ ದಾಟಿಹೋಗಬೇಕಿದ್ದ ಹುಲಿಗೇಶನ ಬಸ್ಸು ತಡವಾಗಿ ಎರಡು ಗಂಟೆಗೆ ಬಂದು ನಿಂತಿತು, ಸುವರ್ಣಮ್ಮನವರು ಇಳಿದರು. ಬಸ್ಸು ಮುಂದೆ ಹೋಗಲಿಲ್ಲ. ಗಂಡಹೆಂಡಿರ ಜಗಳ ನೋಡದೆ ಹೋಗಲು ಪ್ರಯಾಣಿಕರು ಒಪ್ಪಲಿಲ್ಲ. ಸುವರ್ಣಮ್ಮನವರು ತಿರುಗಿ ಹುಲಿಗೇಶನನ್ನು ಒಮ್ಮೆ ನೋಡಿದರು. ಬಸ್ಸು ಹೊರಟಿತು.

“ಸುವರ್ಣಾ! ನೀ ಹೆಂಗ ಬಂದಿ?”

“ಬಸ್ಸಿನ್ಯಾಗ ಬಂದೆ. ನಾ ಏನು ಸ್ವಾಮಿ ಅಲ್ಲ ನಡ್ಕೊಂತ ಬರಾಕ. ಏನ್ರಿ ಇದು ಅವತಾರ?”

ಕೊಟ್ರಯ್ಯನವರು ಜಡೆಪ್ಪನವರ ಮಾತಿನಿಂದ ಹಿಡಿದು ಬೂಟಿನವರೆಗೆ ಎಲ್ಲವನ್ನೂ ಹೇಳಿದರು. ಹೇಳುವಾಗ ಆರು ರೊಟ್ಟಿ ತಿಂದರು. ಸುವರ್ಣಮ್ಮನವರಿಗೆ ನಗು ಬಂತು, ತಡೆದುಕೊಂಡರು. ಆಮೇಲೆ ಅವರ ದನಿ ಬದಲಾಯಿತು.

“ನೀವು ಮನಿ ಬಿಟ್ಟೀರಿ ಅಂತ ಓಣಿ ಮಂದಿ ಅತ್ತರು. ನಾ ಅದಕ್ಕ ಅಳಲಿಲ್ಲ. ನನ್ನ ತವರಿಗೆ ಹೊಂಟವ್ರು ನನ್ನ ಬಿಟ್ಟು ಹೊಂಟ್ರಲ್ಲ, ಅದಕ್ಕ ಬ್ಯಾಸರ ಆತು. ಈ ದಾರಿ ನಿಮಗೇನ್ ಗೊತ್ತು? ಈ ದಾರ್ಯಾಗ ನಾ ಏಳು ಸಲ ನಡದೀನಿ.”

“ನೀನಾ? ಯಾವಾಗ?”

“ಲಂಗ ತೊಡತಿದ್ನಲ್ಲ, ಆವಾಗ. ನಮ್ಮತ್ತಿ ಜೋಡಿ ಹುಣ್ಣಿವಿಗೆ ಹಂಪಿಗೆ. ನೀವು ಯಾವತ್ತಾದ್ರೂ ಕೇಳೀರೇನು?”

ಕೊಟ್ರಯ್ಯನವರು ಕೇಳಿರಲಿಲ್ಲ. ಸುವರ್ಣಮ್ಮನವರು ಪಕ್ಕಕ್ಕಿದ್ದ ಬೂಟನ್ನು ಎತ್ತಿಕೊಂಡು ತಿರುಗಿಸಿ ನೋಡಿ, ತಮ್ಮ ಕಾಲಿಗೆ ಹಾಕಿಕೊಂಡರು. ಅಳತೆ ತೆಗೆದು ಹೊಲಿದಂತೆ ಕೂತಿತು. ಸೀರೆಯ ನೆರಿಗೆಯನ್ನು ಒಂದು ಗೇಣು ಮೇಲೆ ಸಿಕ್ಕಿಸಿ, “ಏಳ್ರಿ,” ಎಂದರು.

ಅಲ್ಲಿಂದ ಮುಂದಿನ ನಡಿಗೆಯನ್ನು ನಾವು ಯಾರೂ ನೋಡಿಲ್ಲ, ಕೊಟ್ರಯ್ಯನವರೇ ಆಮೇಲೆ ಹೇಳಿದ್ದು. ಐವತ್ತೇಳು ವರ್ಷದ ಸುವರ್ಣಮ್ಮನವರು ನಡೆದರೆ ಧೂಳು ಏಳುತ್ತಿರಲಿಲ್ಲವಂತೆ, ಉಸಿರು ಏರುತ್ತಿರಲಿಲ್ಲವಂತೆ. ಯಾವ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು, ಯಾವ ಗುಂಡಿನ ಮೇಲೆ ಜಾರಿ ಮೊಣಕಾಲು ಒಡೆದುಕೊಂಡರು, ಕಾಲುವೆಯಲ್ಲಿ ಯಾವ ಕಡೆ ನೀರು ತಣ್ಣಗಿರುತ್ತದೆ, ಎಲ್ಲವನ್ನೂ ತೋರಿಸುತ್ತ ಮುಂದೆ ಮುಂದೆ ಹೋದರಂತೆ. ಇವರು ಹಿಂದೆ, ಅವರ ಹವಾಯಿ ಚಪ್ಪಲಿಯಲ್ಲಿ ಅರ್ಧ ಪಾದ ತೂರಿಸಿ, ಕೋಲೂರುತ್ತ. ‘ಇಷ್ಟು ವರ್ಷ ನಮ್ಮ ಮನ್ಯಾಗ ಯಾರಿದ್ದರು ಅಂತ ನನಗ ಗೊತ್ತೇ ಇರಲಿಲ್ಲ ನೋಡ್ರಿ’ ಎಂದು ಹೇಳುವಾಗ ಅವರ ದನಿಯಲ್ಲಿ ಮೈಕು ಇರಲಿಲ್ಲ.

ಮಳೆ ಬಂದದ್ದು ನಾಲ್ಕೂವರೆಗೆ. ಕರೆಮ್ಮನಿಗೆ ಕೊಟ್ಟ ಹೊತ್ತಿಗಿಂತ ಹದಿನೈದು ನಿಮಿಷ ತಡ, ಹೇಳಿದ ಮಿತಿಯೊಳಗೇ. ಬುಕ್ಕಸಾಗರದಲ್ಲಿ ಜೋರಾಗಿ ಬಂದು, ಹೆಚ್ಚು ನಿಲ್ಲದೆ, ಸೀದಾ ಕಂಪ್ಲಿಯ ಕಡೆ ಹೋಯಿತು. ರಾಮಸಾಗರದ ಹತ್ತಿರ ಗಂಡಹೆಂಡಿರು ತೊಯ್ದು ತೊಪ್ಪೆಯಾದರು. ಕೊಟ್ರಯ್ಯನವರ ಬೊಬ್ಬೆ ಒಡೆಯಿತು. ಹವಾಯಿ ಚಪ್ಪಲಿಯ ಬಾರು ಕಿತ್ತಿತು. ಹುಲಿಗೇಶನ ಬಸ್ಸು ಇನ್ನೊಂದು ಸುತ್ತು ಮುಗಿಸಿ ಮತ್ತೆ ಬಂದು ಪಕ್ಕದಲ್ಲಿ ನಿಂತಿತು.

“ನೀವು ಹತ್ರಿ,” ಎಂದರು ಸುವರ್ಣಮ್ಮನವರು.

“ನೀನು?”

“ಇನ್ನ ಆರು ಕಿಲೋಮೀಟರು. ನಾ ಬರ್ತೀನಿ. ಈ ಮಳ್ಯಾಗ ನಡೀಲಾರದ ನಲವತ್ತು ವರ್ಷ ಆತು.”

ಅವರ ಮುಖ ನೋಡಿ ಕೊಟ್ರಯ್ಯನವರು ಎದುರಾಡಲಿಲ್ಲ. ಅವರ ಜೀವನದಲ್ಲಿ ಅವರು ಮಾಡಿದ ಅತ್ಯಂತ ಪ್ರಾಮಾಣಿಕ ಕೆಲಸ ಆ ಬಸ್ಸು ಹತ್ತಿದ್ದು. ಅತ್ಯಂತ ಅವಿವೇಕದ ಕೆಲಸವೂ ಅದೇ ಎಂಬುದು ಕಂಪ್ಲಿಯಲ್ಲಿ ಗೊತ್ತಾಯಿತು.

ಕಂಪ್ಲಿಯಲ್ಲಿ ಬಸವಕುಮಾರನ ಅಕ್ಕಿ ಗಿರಣಿಯ ಅಂಗಳದಲ್ಲಿ ನೆಂಟರು, ಬೀದಿಯವರು ಕೂಡಿ ನಲವತ್ತು ಜನ ಸೇರಿದ್ದರು. ನಡುವೆ ಕುರ್ಚಿಯಲ್ಲಿ ಕುಳಿತವರು ಸುವರ್ಣಮ್ಮನವರ ಸೋದರತ್ತೆ ಚೆನ್ನಬಸಮ್ಮ, ಎಂಬತ್ತನಾಲ್ಕು ವರ್ಷದವರು. ಮನೆತನದ ಸುಪ್ರೀಂ ಕೋರ್ಟು. ಅವರೆದುರು ಅಳಿಯಂದಿರು ಬಸ್ಸಿನಿಂದ ಇಳಿದು ಬಂದರು: ಕಾವಿ, ದಂಡ, ಬರಿಗಾಲು. ಹೆಂಡತಿ ಜೊತೆಗಿಲ್ಲ.

“ನಮ್ಮ ಹುಡುಗಿ ಎಲ್ಲಿ?” ಎಂದರು ಚೆನ್ನಬಸಮ್ಮ.

“ಹಿಂದ ಬರಾಕತ್ಯಾಳ್ರಿ. ನಡ್ಕೊಂತ.”

ಅಂಗಳದಲ್ಲಿ ನಲವತ್ತೂ ಜನ ಒಟ್ಟಿಗೆ ಮಾತಾಡಿದರು. ನೀವು ಬಸ್ಸಿನ್ಯಾಗ, ನಮ್ಮ ಹೆಣ್ಣುಮಗಳು ಮಳ್ಯಾಗ! ಸನ್ಯಾಸಿಗೆ ಬಸ್ ಯಾಕ ಬೇಕು! ಕೊಟ್ರಯ್ಯನವರು ಮೂರು ಸಲ ಬಾಯಿ ತೆರೆದರು, ಮೂರು ಸಲವೂ ‘ಬೂಟು’ ಎಂಬ ಶಬ್ದದ ಮುಂದೆ ಹೋಗಲಾಗಲಿಲ್ಲ.

ಬಸವಕುಮಾರನ ಸಂಕಟ ಬೇರೆಯೇ. ಅವನ ಅಂಗಳದಲ್ಲಿ ಒಣಗಲು ಹಾಕಿದ್ದ ಭತ್ತ ಅರ್ಧ ತೊಯ್ದಿತ್ತು, ಮತ್ತು ಹುಲಿಗೇಶ ಬುಕ್ಕಸಾಗರದ ಸುದ್ದಿಯನ್ನು ಆಗಲೇ ತಲುಪಿಸಿದ್ದ.

“ಬಾವಾರ,” ಎಂದ ಅವನು ನೊಂದ ದನಿಯಲ್ಲಿ, “ಯಾರೋ ದಾರಿ ಮ್ಯಾಲಿನೋರಿಗೆ ಮಳಿ ಬರೋ ಟೈಮ್ ಹೇಳಿದ್ರಂತ. ಸೀದಾ ಕಂಪ್ಲಿಗೆ ಹೋಗ್ತೈತಿ ಅಂತನೂ ಹೇಳಿದ್ರಂತ. ನಿಮ್ಮ ಸ್ವಂತ ಹೆಂಡ್ತಿ ತಮ್ಮನಿಗೆ ಒಂದು ಫೋನ್ ಮಾಡಬಾರದಾಗಿತ್ತೇನು?”

“ಫೋನ್ ಮನ್ಯಾಗೈತಪ,” ಎಂದರು ಕೊಟ್ರಯ್ಯನವರು. ಆ ದಿನ ಅವರು ಆಡಿದ ಮಾತುಗಳಲ್ಲಿ ಎಲ್ಲರೂ ನಂಬಿದ್ದು ಇದೊಂದನ್ನೇ.

ಒಂದು ಗಂಟೆಯ ಮೇಲೆ ಸುವರ್ಣಮ್ಮನವರು ಅಂಗಳಕ್ಕೆ ಕಾಲಿಟ್ಟರು. ಕೂದಲಿನಿಂದ ನೀರು ಇಳಿಯುತ್ತಿತ್ತು, ಗಲ್ಲ ಕೆಂಪೇರಿತ್ತು, ಸೀರೆಯ ಕೆಳಗೆ ಹಳದಿ ಪಟ್ಟಿಯ ಓಟದ ಬೂಟು. ನಲವತ್ತು ಜನ ಎದ್ದು ನಿಂತು ದಾರಿ ಬಿಟ್ಟರು.

“ಸುವ್ವಿ, ಬಾಯಿಲ್ಲಿ,” ಎಂದರು ಚೆನ್ನಬಸಮ್ಮ. “ಮಂದೀ ಎದುರಿಗೆ ಹೇಳು. ಗಂಡನ ಮ್ಯಾಲೆ ಏನು ದೂರೈತಿ?”

“ಏನಿಲ್ಲತ್ತಿ. ಅವರು ಸುಮ್ನ ಅಡ್ಡಾಡಾಕ ಬಂದಾರ.”

“ಸುಮ್ನ ಯಾರಾದ್ರೂ ಹೊಸಪೇಟಿಯಿಂದ ಕಂಪ್ಲಿಗೆ ಅಡ್ಡಾಡ್ತಾರೇನು? ಹೆದರಬ್ಯಾಡ, ಹೇಳು.”

ಸುವರ್ಣಮ್ಮನವರು ಟವೆಲಿನಿಂದ ತಲೆ ಒರೆಸಿಕೊಂಡರು. ಒಳಗೆ ಹೋಗಲು ತಿರುಗಿದವರು ನಿಂತರು. ಇಷ್ಟು ಜನ ತನ್ನ ಮಾತು ಕೇಳಲು ಕಾದು ಕೂತದ್ದು ಅವರ ಜೀವನದಲ್ಲಿ ಅದೇ ಮೊದಲು.

“ಇರ್ರಿ. ಒಂದೈತಿ,” ಎಂದರು. “ಇವರು ಊರ ಮಂದೀನೆಲ್ಲ ಬಸ್ ಹತ್ತಿಸಿ ಕಳಿಸಿದರು. ಹಂಪಿಗೆ ಬರ್ರಿ, ಸಂಡೂರಿಗೆ ಬರ್ರಿ ಅಂತ ದಿನಾ ಕರದರು. ಅವರ ದನಿ ನಮ್ಮ ಹಿತ್ತಲಾಗ ನಿಂತ್ರ ಗಾಳಿಗೆ ಕೇಳತಿತ್ತು. ನಾ ಭಾಂಡೆ ತಿಕ್ಕೊಂತ ಕೇಳತಿದ್ದೆ. ಮೂವತ್ತಾರು ವರ್ಷದಾಗ ನನ್ನ ಒಂದು ದಿನನೂ ಕರೀಲಿಲ್ಲ.”

ಕೊಟ್ರಯ್ಯನವರು ಕೋಲನ್ನು ಗೋಡೆಗೆ ಒರಗಿಸಿ, ಹೆಗಲಿನ ಶಾಲು ತೆಗೆದು, ತಮ್ಮ ಕಾಲನ್ನು ನೋಡುತ್ತ ನಿಂತರು. ಇಲ್ಲದ ಜಗಳಕ್ಕೆ ಬೆಳಗಿನಿಂದ ಸಾವಿರ ಸಮಜಾಯಿಷಿ ಹುಡುಕಿದ ಜನಕ್ಕೆ ಇದ್ದ ಜಗಳಕ್ಕೆ ಒಂದೂ ಸಿಗಲಿಲ್ಲ.

“ಖರೇ ಐತ್ರಿ ಅತ್ತಿ,” ಎಂದರು ಕೊನೆಗೆ. “ನಂದ ತಪ್ಪು.”

ಚೆನ್ನಬಸಮ್ಮ ಬಹಳ ಯೋಚಿಸಲಿಲ್ಲ. “ತಿಂಗಳಿಗೊಂದು ಊರು ಕರ್ಕೊಂಡು ಹೋಗಬೇಕು. ನಡ್ಕೊಂತ. ಅಕಿ ಮುಂದ, ಇವ ಹಿಂದ. ಈಗ ಇಬ್ರೂ ಬಿಸಿ ನೀರು ಹಾಕ್ಕೊಂಡು ಉಣ್ರಿ,” ಎಂದು ಎದ್ದರು. ಜನ ಸ್ವಲ್ಪ ನಿರಾಶೆಯಿಂದಲೇ ಚೆದುರಿದರು. ಹೋಗುವ ಮುನ್ನ ಇಬ್ಬರು ಕೊಟ್ರಯ್ಯನವರನ್ನು ಮೂಲೆಗೆ ಕರೆದು ನಾಳೆಯ ಮಳೆಯ ಬಗ್ಗೆ ಗುಟ್ಟಾಗಿ ಕೇಳಿದರು.

ಮರುದಿನ ಸಂಜೆ ಚಹಾದಂಗಡಿಯಲ್ಲಿ ಜಡೆಪ್ಪನವರು, “ಮುಟ್ಟಿದ್ರೇನು ಕಂಪ್ಲಿ?” ಎಂದು ಕೇಳಿದಾಗ ನಾವೆಲ್ಲ ಇದ್ದೆವು. ಕೊಟ್ರಯ್ಯನವರು ಸುಳ್ಳು ಹೇಳಬಹುದಿತ್ತು. “ನಾ ರಾಮಸಾಗರದಾಗ ಬಸ್ ಹತ್ತಿದೆ. ಕಂಪ್ಲಿ ಮುಟ್ಟಿದ್ದು ಸುವರ್ಣಾ,” ಎಂದರು. ನಗಬೇಕೆಂದು ಬಾಯಿ ತೆರೆದವರು ಯಾಕೋ ನಗಲಿಲ್ಲ.

ಜನವರಿಯಲ್ಲಿ ಅವರು ಸಂಡೂರಿಗೆ ಹೋದರು. ಏಳನೆಯ ನಂಬರಿನ ಹೊಸ ಬೂಟು ಇವರ ಕಾಲಿಗೆ, ಹಳೆಯದು ಸುವರ್ಣಮ್ಮನವರಿಗೆ. ಗುಡ್ಡದ ಕಾಲುದಾರಿಯಲ್ಲಿ ಆಕೆ ಎರಡು ತಿರುವು ಮುಂದೆ. ಕೆಳಗಿಳಿಯುತ್ತಿದ್ದ ಯಾರೋ ಹುಡುಗರು, “ಅಮ್ಮಾರ, ಒಬ್ರೇ ಬಂದೀರೇನ್ರಿ?” ಎಂದು ಕೇಳಿದರು. “ಇಲ್ಲಪ, ಮನಿಯವರು ಹಿಂದ ಬರಾಕತ್ಯಾರ,” ಎಂದು ಆಕೆ ನಿಲ್ಲದೆ ಹತ್ತಿದರು. ಹುಡುಗರು ಕೆಳಗಿನ ತಿರುವಿನಲ್ಲಿ ಮರ ಹಿಡಿದು ನಿಂತ ಮನಿಯವರಿಗೆ ನೀರು ಕೊಟ್ಟು ಹೋದರು.

ನೆತ್ತಿ ಮುಟ್ಟಿದಾಗ ಹತ್ತು ಗಂಟೆ. ಒಂದು ಕಡೆ ಗಣಿ ಕೊರೆದ ಕೆಂಪು ಗಾಯ ಕಾಣುತ್ತಿತ್ತು. ಉಳಿದ ಮೂರು ಕಡೆ ಗುಡ್ಡದ ಹಿಂದೆ ಗುಡ್ಡ, ಹಸಿರು ಹೋಗಿ ನೀಲಿಯಾಗಿ, ನೀಲಿ ಹೋಗಿ ಹೊಗೆಯಾಗಿ ಮಲಗಿದ್ದವು. ಕಣಿವೆಯಲ್ಲಿ ಒಂದು ತುಣುಕು ನೀರು ಕನ್ನಡಿಯಂತೆ ಹೊಳೆಯಿತು. ಮೋಡದ ನೆರಳೊಂದು ಒಂದು ಗುಡ್ಡದಿಂದ ಇಳಿದು ಇನ್ನೊಂದನ್ನು ನಿಧಾನವಾಗಿ ಹತ್ತುತ್ತಿತ್ತು.

“ಸುವರ್ಣಾ, ಇದೆಲ್ಲ ಇಷ್ಟು ದಿನ ಇಲ್ಲೇ ಇತ್ತೇನ?”

“ಇಲ್ಲೇ ಇತ್ರಿ. ನೀವ ಇರಲಿಲ್ಲ,” ಎಂದರು ಸುವರ್ಣಮ್ಮನವರು, ಗಾಳಿಗೆ ಹಾರುವ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತ. ಆಮೇಲೆ ಬಂಡೆಯ ಮೇಲೆ ಸ್ವಲ್ಪ ಸರಿದು ಕುಳಿತು, ಅವರಿಗೂ ಜಾಗ ಮಾಡಿಕೊಟ್ಟರು.